‘ಗೊತ್ತಾಯ್ತಾ?’ ಎಂದು ಕೇಳದೆ ಪಾಠ ಮಾಡುವುದು: ವಿದೇಶಕ್ಕೆ ಹೊರಟ ದಾವಣಗೆರೆ, ಚಿತ್ರದುರ್ಗದ ಮೇಷ್ಟ್ರುಗಳ ಮುಂದಿರುವ ನಿಜವಾದ ಕಷ್ಟ

ಹರಿಹರದಿಂದ ಹಿರಿಯೂರಿನವರೆಗೆ ಯಾವ ಶಾಲೆಯ ವರಾಂಡದಲ್ಲಿ ನಿಂತರೂ ಒಂದು ಸದ್ದು ಕಿವಿಗೆ ಬೀಳುತ್ತದೆ. ಮೇಷ್ಟ್ರು ಬೋರ್ಡಿನಿಂದ ಈಕಡೆ ತಿರುಗಿ ‘ಗೊತ್ತಾಯ್ತಾ?’ ಅನ್ನುತ್ತಾರೆ. ಇಡೀ ತರಗತಿ ರಾಗ ಎಳೆದು ‘ಆಯ್ತು ಸಾ...ರ್’ ಅನ್ನುತ್ತದೆ. ಗೊತ್ತಾಗದವನ ದನಿಯೂ ಅದರಲ್ಲಿ ಸೇರಿರುತ್ತದೆ. ಅದು ಮೇಷ್ಟ್ರಿಗೂ ಗೊತ್ತು. ಇಲ್ಲಿ ಅದು ಪ್ರಶ್ನೆಯಲ್ಲ, ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೇನೆ ಎಂಬ ಸೂಚನೆ ಅಷ್ಟೇ. ಇದೇ ಮಾತನ್ನು ಇಂಗ್ಲೆಂಡಿನ ಎಂಟನೇ ತರಗತಿಯಲ್ಲಿ ಆಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ವೀಕ್ಷಿಸುತ್ತಿರುವ ಹಿರಿಯ ಶಿಕ್ಷಕಿ ತಮ್ಮ ಹಾಳೆಯಲ್ಲಿ ‘ಮಕ್ಕಳಿಗೆ ಎಷ್ಟು ತಿಳಿಯಿತು ಎಂದು ನೋಡಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ವಿಷಯದಲ್ಲಿ ಗಟ್ಟಿ, ಇಂಗ್ಲಿಷಿನಲ್ಲೂ ತೊಂದರೆಯಿಲ್ಲ ಅನ್ನುವ ಮೇಷ್ಟ್ರು ಮೊದಲ ಸಲ ಎಡವುವುದು ಇಂಥ ಕಡೆ.

ಹೊರಗೆ ಹೋಗುವ ದಾರಿಗಳೇನೋ ಹೆಚ್ಚಿವೆ. 2023ರ ಫೆಬ್ರುವರಿಯಿಂದ ಇಂಗ್ಲೆಂಡ್ ತನ್ನ ಅರ್ಹ ಶಿಕ್ಷಕ ಮಾನ್ಯತೆಗೆ, ಅಂದರೆ ‘ಕ್ಯೂಟಿಎಸ್’ಗೆ, ಭಾರತದಲ್ಲಿ ತರಬೇತಾದವರೂ ನೇರವಾಗಿ ಅರ್ಜಿ ಹಾಕಲು ಬಿಟ್ಟಿದೆ. ಅರ್ಜಿಗೆ ಶುಲ್ಕವಿಲ್ಲ. ಆದರೆ ಎಲ್ಲರಿಗೂ ಅಲ್ಲ: 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇದ್ದವರಿಗೆ ಮಾತ್ರ. ಸಮಾಜ ವಿಜ್ಞಾನದವರಿಗೂ ಪ್ರಾಥಮಿಕ ಶಾಲೆಯವರಿಗೂ ಈ ಬಾಗಿಲು ಸದ್ಯಕ್ಕಿಲ್ಲ. ಅಮೆರಿಕಕ್ಕೆ ಜೆ-1 ವಿನಿಮಯ ವೀಸಾದಲ್ಲಿ ಹೋಗುವವರಿಗೆ ಮೂರು ವರ್ಷದ ಅವಧಿ, ಶಾಲೆ ಬಯಸಿದರೆ ಇನ್ನೆರಡು ವರ್ಷದ ವಿಸ್ತರಣೆ. ಗಲ್ಫ್‌ನ ಸಿಬಿಎಸ್‌ಇ ಶಾಲೆಗಳು, ಮಾಲ್ಡೀವ್ಸ್‌ನ ದ್ವೀಪಶಾಲೆಗಳು ಮೊದಲಿನಿಂದಲೂ ಇದ್ದ ದಾರಿಗಳು. ತಯಾರಿ ಮಾತ್ರ ಎಲ್ಲ ಕಡೆಯೂ ಒಂದೇ ಥರ: ಇಂಗ್ಲಿಷ್ ಪರೀಕ್ಷೆ, ಸಂದರ್ಶನ, ದಾಖಲೆ. ತರಗತಿಯೊಳಗೆ ಬದಲಾಗಬೇಕಾದ್ದನ್ನು ಏಜೆಂಟರು ಹೇಳಿಕೊಡುವುದಿಲ್ಲ, ಬಿ.ಇಡಿ.ಯಲ್ಲೂ ಅದು ಬರುವುದಿಲ್ಲ. ಚಳಿ, ಊಟ, ಒಂಟಿತನ ಎಲ್ಲ ಇದ್ದದ್ದೇ. ಅವುಗಳಿಗಿಂತ ಹೆಚ್ಚು ಜನರನ್ನು ಕಂಗೆಡಿಸುವುದು ಮೇಷ್ಟ್ರಿಗೆ ಸಲ್ಲುವ ಮರ್ಯಾದೆ ಎಲ್ಲಿಂದ ಬರುತ್ತದೆ ಎಂಬ ಲೆಕ್ಕಾಚಾರವೇ ಅಲ್ಲಿ ಬೇರೆಯಾಗಿರುವುದು.

ಇನಿಷಿಯಲ್ ಬಿಚ್ಚುವ ಕೆಲಸ

ಈ ಬೇರೆತನ ವಿಮಾನ ಹತ್ತುವ ಮೊದಲೇ, ಹೆಸರಿನಲ್ಲೇ ಶುರುವಾಗುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಪದವಿ ಪ್ರಮಾಣಪತ್ರದಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಚ್ಚಿ ಬರೆದದ್ದು. ನಮಗೆ ಮೂರೂ ಒಬ್ಬನೇ ಮನುಷ್ಯ, ಅಲ್ಲಿನ ಅಧಿಕಾರಿಗೆ ಮೂರು ಜನ. ‘ಸರ್‌ನೇಮ್’ ಖಾನೆ ಖಾಲಿ ಬಿಟ್ಟು ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡವರಿಗೆ, ಅದರ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರೂ ಇಲ್ಲದಿದ್ದರೆ, 2022ರ ನವೆಂಬರಿನಿಂದ ಯುಎಇ ಭೇಟಿ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಆ ಖಾನೆಯಲ್ಲಿ ಊರಿನ ಹೆಸರು ಬರೆಸಿಕೊಂಡವರದು ಬೇರೆ ಪಾಡು. ಅಮೆರಿಕದ ಶಾಲೆಯಲ್ಲಿ ಮಕ್ಕಳು ಕರೆಯುವುದು ಸರ್‌ನೇಮಿನಿಂದ, ಹಾಗಾಗಿ ಮಂಜುನಾಥ ಮೇಷ್ಟ್ರು ಮೂರು ವರ್ಷ ‘ಮಿಸ್ಟರ್ ಹೊಳಲ್ಕೆರೆ’ ಆಗಿರಬೇಕಾಗುತ್ತದೆ. ಪಾಸ್‌ಪೋರ್ಟ್ ತಿದ್ದುಪಡಿಯನ್ನು ಸಂದರ್ಶನಕ್ಕಿಂತ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು; ಆಫರ್ ಲೆಟರ್ ಬಂದ ಮೇಲೆ ಹೆಸರು ಬದಲಾದರೆ ಎಲ್ಲ ಕಾಗದವೂ ಮತ್ತೆ ಮೊದಲಿನಿಂದ.

ಈ ಎರಡು ಜಿಲ್ಲೆಯವರಿಗೆ ಇನ್ನೂ ಒಂದೆರಡು ಗಂಟುಗಳಿವೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಹುಟ್ಟಿದ ದಾವಣಗೆರೆ, ಹರಿಹರ, ಜಗಳೂರಿನವರ ಜನನ ಪ್ರಮಾಣಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ, ಹೊನ್ನಾಳಿ, ಚನ್ನಗಿರಿಯವರದರಲ್ಲಿ ಶಿವಮೊಗ್ಗ. ಹರಪನಹಳ್ಳಿಯವರಂತೂ ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಮನೆ ಬದಲಿಸದೆಯೇ ಓಡಾಡಿದ್ದಾರೆ. ಹುಟ್ಟೂರು ಒಂದೇ, ಜಿಲ್ಲೆ ಮಾತ್ರ ಬೇರೆ ಎಂದು ವಿವರಿಸುವ ಒಂದು ಅಫಿಡವಿಟ್ ಮೊದಲೇ ಜೊತೆಗಿದ್ದರೆ ವಾರಗಟ್ಟಲೆ ಪತ್ರವ್ಯವಹಾರ ಉಳಿಯುತ್ತದೆ. ಪದವಿಯದೂ ಹೀಗೆಯೇ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಕಾಲೇಜುಗಳಲ್ಲಿ ಓದಿದವರ ಪದವಿ, ಬಿ.ಇಡಿ. ಕುವೆಂಪು ವಿಶ್ವವಿದ್ಯಾಲಯದ್ದು, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೂ ನೈಜತೆಯ ಪತ್ರಕ್ಕೂ ದಾವಣಗೆರೆ ವಿ.ವಿ. ಇರುವ ತೋಳಹುಣಸೆಗಲ್ಲ, ಕುವೆಂಪು ವಿ.ವಿ. ಇರುವ ಶಂಕರಘಟ್ಟಕ್ಕೆ ಹೋಗಬೇಕು. ಬಿ.ಎಸ್ಸಿ. ಅಲ್ಲಿಯದು, ಬಿ.ಇಡಿ. ಇಲ್ಲಿಯದು ಆಗಿದ್ದರೆ ಎರಡೂ ಕಡೆ.

ಪ್ರಮಾಣಪತ್ರಗಳಿಗೆ ಮುದ್ರೆ ಹಾಕಿಸುವ ಸರಪಳಿ ದೇಶಕ್ಕೆ ತಕ್ಕಂತೆ ಬೇರೆ. ಒಂದು ದೇಶ ದೃಢೀಕರಿಸಿದ ದಾಖಲೆಯನ್ನು ಉಳಿದ ಸದಸ್ಯ ದೇಶಗಳೂ ಒಪ್ಪುವ ‘ಅಪೊಸ್ಟಿಲ್’ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಅದರಲ್ಲಿರುವ ದೇಶಗಳಿಗೆ ರಾಜ್ಯದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸ್ಟಿಕ್ಕರ್ ಬಿದ್ದರೆ ಕೆಲಸ ಮುಗಿಯಿತು. 2022ರ ಡಿಸೆಂಬರಿನಿಂದ ಸೌದಿ ಅರೇಬಿಯವೂ ಈ ಸಾಲಿಗೆ ಸೇರಿದೆ. ಯುಎಇಗೆ ಹೋಗುವವರು ಮಾತ್ರ ರಾಜ್ಯ, ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ ಹೀಗೆ ನಾಲ್ಕು ಮೆಟ್ಟಿಲು ಹತ್ತಬೇಕು. ನಕಲಿಗೆ ಮುದ್ರೆ ಹಾಕಿಸಿಕೊಂಡು ಮೂಲಪ್ರತಿ ಕೇಳಿದಾಗ ಪೇಚಾಡುವುದು ಮಾಮೂಲಿ ತಪ್ಪು. ಏಜೆಂಟರ ವಿಷಯದಲ್ಲಿ ಒಂದು ಅಂಕಿ ನೆನಪಿರಲಿ: ಸರ್ಕಾರದ ಇ-ಮೈಗ್ರೇಟ್ ನೋಂದಣಿ ಇರುವ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷದ ಮಾತಾಡುವವರ ಹತ್ತಿರ ನೋಂದಣಿ ಸಂಖ್ಯೆ ಕೇಳಿದರೆ ಸಾಕು, ಮಾತು ಬೇರೆ ಕಡೆ ತಿರುಗುತ್ತದೆ.

ಕುರ್ಚಿಯ ಮರ್ಯಾದೆ

ಇಲ್ಲಿ ಮರ್ಯಾದೆ ಮೇಷ್ಟ್ರ ಕುರ್ಚಿಗೇ ಅಂಟಿಕೊಂಡಿರುತ್ತದೆ. ಹೊಸಬರು ಒಳಗೆ ಬಂದರೂ ಮಕ್ಕಳು ಎದ್ದು ನಿಲ್ಲುತ್ತಾರೆ. ಆ ಕುರ್ಚಿಯ ಬಲದ ಮೇಲೆಯೇ ಪಾಠ, ಶಿಸ್ತು ಎರಡೂ ನಡೆಯುತ್ತವೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕುರ್ಚಿಗೆ ಆ ಬಲವಿಲ್ಲ. ಅಲ್ಲಿ ಮೇಷ್ಟ್ರು ಪ್ರತಿ ಪೀರಿಯಡ್ಡಿನಲ್ಲೂ ಒಂದೇ ಕ್ರಮವನ್ನು ತಪ್ಪದೆ ನಡೆಸಿ ಅದನ್ನು ಕಟ್ಟಿಕೊಳ್ಳಬೇಕು: ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆಯುವುದು, ಅವರು ಕೂರುವಷ್ಟರಲ್ಲಿ ಬೋರ್ಡಿನ ಮೇಲೆ ಐದು ನಿಮಿಷದ ಕೆಲಸ ಸಿದ್ಧವಿರುವುದು, ಶಾಲೆ ಬರೆದಿಟ್ಟಿರುವ ಶಿಸ್ತಿನ ಮೆಟ್ಟಿಲುಗಳನ್ನೇ ಅನುಸರಿಸುವುದು. ಮೊದಲು ಎಚ್ಚರಿಕೆ, ಆಮೇಲೆ ಜಾಗ ಬದಲಾವಣೆ, ಆಮೇಲೆ ದಾಖಲೆ, ಕೊನೆಗೆ ಹಿರಿಯ ಶಿಕ್ಷಕರಿಗೆ ಕರೆ. ನಮ್ಮವರು ಎಡವುವುದು ಎರಡು ಕಡೆ. ಮೊದಲ ವಾರ ಮೆತ್ತಗಿದ್ದು ಮಕ್ಕಳ ಮನಸ್ಸು ಗೆಲ್ಲಲು ಹೋಗುತ್ತಾರೆ. ಮೂರನೇ ವಾರ ಕೈಮೀರಿದಾಗ ಊರಿನ ದನಿ ಹೊರಡುತ್ತದೆ. ಗದರಿಕೆಗೆ ಇಲ್ಲಿ ತರಗತಿ ತಣ್ಣಗಾಗುತ್ತದೆ. ಅಲ್ಲಿ ‘ನನ್ನ ಮೇಲೆ ಯಾಕೆ ಕೂಗ್ತೀರಿ?’ ಎಂಬ ಪ್ರಶ್ನೆ ಬರುತ್ತದೆ, ಸಂಜೆ ತಾಯಿಯ ಇಮೇಲ್ ಬರುತ್ತದೆ.

ಹೊಡೆತದ ಮಾತಂತೂ ಇಲ್ಲವೇ ಇಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 1986ರ ಕಾಯ್ದೆಯೇ ಅದನ್ನು ನಿಲ್ಲಿಸಿತು. ಕಿವಿ ಹಿಡಿದು ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ‘ದಡ್ಡ’, ‘ಡುಮ್ಮ’, ‘ಕರಿಯ’ ಎಂಬ ಪ್ರೀತಿಯ (ನಾವು ಹಾಗೆ ತಿಳಿದುಕೊಂಡಿರುವ) ಕರೆಗಳು ಕೆಲಸಕ್ಕೇ ಕುತ್ತು ತರುತ್ತವೆ. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾನೂನು ಎರಡು ಕಡೆಯೂ ಒಂದೇ, ರೂಢಿ ಬೇರೆ. ಇದನ್ನು ‘ಸಂಸ್ಕೃತಿ ಭೇದ’ದ ಲೆಕ್ಕಕ್ಕೆ ಹಾಕುವುದು ನಮಗೆ ನಾವೇ ಕೊಟ್ಟುಕೊಳ್ಳುವ ರಿಯಾಯಿತಿ.

ಅಂಕಗಳದು ಇನ್ನೊಂದು ಕತೆ. ಹೆಚ್ಚು ಅಂಕದವರಿಂದ ಕಡಿಮೆಯವರ ಕಡೆಗೆ ಹೆಸರು ಕೂಗುತ್ತ ಪೇಪರ್ ಹಂಚುವುದು ನಮ್ಮಲ್ಲಿ ಹಬ್ಬದ ಹಾಗೆ. ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆಯ ಪ್ರಕಾರ ಮಗುವಿನ ಅಂಕ ಖಾಸಗಿ ದಾಖಲೆ, ಅದನ್ನು ಹೆಸರು ಸಮೇತ ಗೋಡೆಗೆ ಅಂಟಿಸುವಂತಿಲ್ಲ. ತರಗತಿಯ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದೂ ಅಷ್ಟೇ ಅಪಾಯ. ನಾವು ‘ಸ್ವಲ್ಪ ಮಂದ’ ಎಂದು ಹಿಂದಿನ ಬೆಂಚಿಗೆ ಕಳಿಸುವ ಹುಡುಗನಿಗೆ ಅಮೆರಿಕದಲ್ಲಿ ‘ಐಇಪಿ’ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಇರಬಹುದು, ಅದು ಕಾನೂನಿನ ಕಾಗದ. ‘ಪ್ರಶ್ನೆಯನ್ನು ಓದಿ ಹೇಳಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು’ ಎಂದು ಅದರಲ್ಲಿದ್ದರೆ ಹಾಗೆಯೇ ಮಾಡಬೇಕು. ಉಳಿದವರಿಗೆ ಅನ್ಯಾಯವಾಗುತ್ತದೆ ಎಂದು ಮೇಷ್ಟ್ರು ತಮ್ಮ ವಿವೇಚನೆ ಬಳಸುವಂತಿಲ್ಲ.

ಇನ್ನು ಭಾಷೆ. ಉಚ್ಚಾರಣೆಗಿಂತ ಹೆಚ್ಚು ತೊಂದರೆ ಕೊಡುವುದು ನಮ್ಮ ಇಂಗ್ಲಿಷಿನ ರೂಢಿಪದಗಳು, ಅದರಲ್ಲೂ ಗಣಿತದವರಿಗೆ. ನಾವು ಗುಣಾಕಾರಕ್ಕೆ ‘ತ್ರೀ ಇಂಟು ಫೋರ್’ ಅನ್ನುತ್ತೇವೆ. ಇಂಗ್ಲೆಂಡಿನ ಮಗುವಿಗೆ ‘ತ್ರೀ ಇಂಟು ಟ್ವೆಲ್ವ್’ ಎಂದರೆ ಭಾಗಾಕಾರ, ಉತ್ತರ ನಾಲ್ಕು. ಗುಣಾಕಾರಕ್ಕೆ ‘ಟೈಮ್ಸ್’, ಭಾಗಾಕಾರಕ್ಕೆ ‘ಡಿವೈಡೆಡ್ ಬೈ’, ಭಿನ್ನರಾಶಿಗೆ ‘ಓವರ್’ ಎಂದು ನಾಲಿಗೆ ತಿದ್ದಿಕೊಳ್ಳಲು ತಿಂಗಳೇ ಬೇಕು, ಹಾಗಾಗಿ ಊರಲ್ಲಿರುವಾಗಲೇ ಶುರುಮಾಡುವುದು ಲೇಸು. ಲಕ್ಷಕ್ಕೆ ಅಲ್ಪವಿರಾಮ ಹಾಕುವ ಜಾಗವೂ ಬೇರೆ: 1,00,000 ಅಲ್ಲ, 100,000. ‘ಎನಿ ಡೌಟ್?’ ಎಂದರೆ ಅವರಿಗೆ ಅನುಮಾನವಿದೆಯೇ ಎಂದು ಕೇಳಿದ ಹಾಗೆ, ‘ಕ್ವೆಶ್ಚನ್’ ಎನ್ನಬೇಕು. ಅಮೆರಿಕದಲ್ಲಿ ‘ರಬ್ಬರ್’ ಎಂದರೆ ಕಾಂಡೋಮ್, ಅಲ್ಲಿ ಅಳಿಸುವುದು ‘ಇರೇಸರ್’. ಈ ಒಂದು ಪದ ಹೈಸ್ಕೂಲು ತರಗತಿಯ ಇಡೀ ಪೀರಿಯಡ್ ನುಂಗಿಹಾಕಬಲ್ಲದು.

ಸ್ಟಾಫ್ ರೂಮಿನಲ್ಲಿ ಕಷ್ಟ ಉಲ್ಟಾ. ನಾವು ‘ಇಲ್ಲ’ ಅನ್ನಲಾರದೆ ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಅನ್ನುತ್ತೇವೆ, ಅವರು ಅದನ್ನು ಒಪ್ಪಿಗೆ ಎಂದು ತಿಳಿದು ಶುಕ್ರವಾರ ಕೆಲಸ ಎಲ್ಲಿ ಎಂದು ಕೇಳುತ್ತಾರೆ. ತಲೆಯನ್ನು ಆಚೀಚೆ ತೂಗಿ ‘ಹ್ಞೂಂ’ ಅನ್ನುವ ನಮ್ಮ ರೀತಿ ಅವರಿಗೆ ‘ಬೇಡ’ ಎಂದು ಕಾಣುತ್ತದೆ. ಆದರೆ ಇಂಗ್ಲಿಷರೂ ನೇರವಾಗಿ ಮಾತಾಡುವ ಜನರೇನಲ್ಲ. ಪಾಠ ವೀಕ್ಷಣೆಯ ನಂತರ ‘ಕ್ವೈಟ್ ಗುಡ್’ ಎಂದರೆ ನಾವು ತಿಳಿಯುವಷ್ಟು ಚೆನ್ನಾಗಿರಲಿಲ್ಲ ಎಂದು. ‘ಇದನ್ನು ಬೇರೆ ಥರ ಮಾಡಿ ನೋಡಬಹುದೇನೋ’ ಎಂದರೆ ಮುಂದಿನ ಸಲ ಹಾಗೆಯೇ ಮಾಡಿ ಎಂದು. ಅಂಥ ಮಾತು ಬಂದ ಕೂಡಲೇ ‘ನಾನು ಬದಲಿಸಬೇಕಾದ್ದು ಯಾವ ಎರಡು ಅಂಶ, ಯಾವ ದಿನದೊಳಗೆ?’ ಎಂದು ಕೇಳಿ ಬರೆದುಕೊಳ್ಳುವುದು ಒಂದೇ ಉಪಾಯ. ಹಾಗೆ ಕೇಳುವುದು ಅಲ್ಲಿ ಉದ್ಧಟತನವಲ್ಲ.

ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರ ಕೆಲಸಕ್ಕೆ ಬರಹದ ಮಿತಿ ಇದೆ: ವರ್ಷಕ್ಕೆ 195 ದಿನ, ಶಾಲೆ ಹೇಳಿದಂತೆ ದುಡಿಯಬೇಕಾದ ಅವಧಿ 1,265 ಗಂಟೆ. ಪಾಠದ ವೇಳೆಯ ಕನಿಷ್ಠ ಶೇ 10ರಷ್ಟನ್ನು ತಯಾರಿಗೆಂದೇ ಬಿಡಬೇಕು. ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಅಕಾಡೆಮಿ ಶಾಲೆಗಳಲ್ಲಿ ಇದು ಬೇರೆ ಇರಬಹುದು, ಕರಾರು ನೋಡಿಕೊಳ್ಳಬೇಕು. ಇಲ್ಲಿ ಫ್ರೀ ಪೀರಿಯಡ್ ಸಿಕ್ಕರೆ ಬದಲಿ ತರಗತಿಗೆ ಓಡುವವರು ಅಲ್ಲೂ ಅದೇ ಅಭ್ಯಾಸದಲ್ಲಿ ತಮ್ಮ ಹಕ್ಕಿನ ಗಂಟೆಯನ್ನು ಬಿಟ್ಟುಕೊಟ್ಟು, ರಾತ್ರಿ ಹನ್ನೊಂದರವರೆಗೆ ಪಾಠ ಟಿಪ್ಪಣಿ ಬರೆಯುತ್ತ ಕೂರುತ್ತಾರೆ. ಒಳ್ಳೆಯವರು ಎನಿಸಿಕೊಳ್ಳುವ ಈ ದಾರಿ ಅಲ್ಲಿ ನಡೆಯುವುದಿಲ್ಲ.

ಗುಟ್ಟು ಕಾಪಾಡುವ ಮಾತು ಕೊಡಬಾರದು

ಮಗುವೊಂದು ಹತ್ತಿರ ಬಂದು ‘ಮಿಸ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು’ ಎಂದರೆ ನಮ್ಮ ಟೀಚರ್ ‘ಇಲ್ಲ ಪುಟ್ಟಾ, ಹೇಳು’ ಅನ್ನುತ್ತಾರೆ. ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ, ಕೇಳಿ ಕಣ್ಣೀರು ಒರೆಸುತ್ತಾರೆ, ಸಂಜೆ ತಾಯಿಗೆ ಫೋನ್ ಮಾಡುತ್ತಾರೆ. ಇಂಗ್ಲೆಂಡಿನ ಶಾಲೆಯಲ್ಲಿ ಈ ಹೆಜ್ಜೆಗಳಲ್ಲಿ ಹೆಚ್ಚಿನವು ತಪ್ಪಾಗುತ್ತವೆ. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡುವಂತಿಲ್ಲ. ಮುಚ್ಚಿದ ಬಾಗಿಲ ಹಿಂದೆ ಮಗುವಿನೊಡನೆ ಒಬ್ಬರೇ ಇರುವುದನ್ನು ತಪ್ಪಿಸಬೇಕು. ‘ಅಪ್ಪ ಹೊಡೆದರಾ?’ ಎಂದು ಉತ್ತರವನ್ನು ನಾವೇ ಬಾಯಿಗೆ ಇಡುವಂಥ ಪ್ರಶ್ನೆ ಕೇಳುವಂತಿಲ್ಲ. ‘ಏನಾಯಿತು ಹೇಳು’ ಅನ್ನಬಹುದು ಅಷ್ಟೇ. ಮಗು ಬಳಸಿದ ಪದಗಳನ್ನೇ, ದಿನಾಂಕ, ಗಂಟೆ ಸಮೇತ ಬರೆದು ಶಾಲೆಯ ಮಕ್ಕಳ ಸುರಕ್ಷತಾ ಹೊಣೆಗಾರರಿಗೆ ತಡಮಾಡದೆ, ಅದೇ ದಿನ ತಲುಪಿಸಬೇಕು. ಮನೆಗೆ ಫೋನ್ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವವರು ಅವರು. ತಪ್ಪು ಮಾಡಿದವರು ಮನೆಯವರೇ ಆಗಿದ್ದರೆ ನಮ್ಮ ಫೋನು ಮಗುವನ್ನು ಇನ್ನಷ್ಟು ಅಪಾಯಕ್ಕೆ ದೂಡುತ್ತದೆ ಎಂಬುದು ಇದರ ಹಿಂದಿನ ಕಾರಣ. ಅಮೆರಿಕದಲ್ಲಂತೂ ಅನುಮಾನ ಬಂದರೂ ವರದಿ ಮಾಡುವುದು ಶಿಕ್ಷಕರ ಕಾನೂನು ಕರ್ತವ್ಯ, ಸುಮ್ಮನಿದ್ದರೆ ಅದೇ ಅಪರಾಧವಾಗಬಹುದು. ನಮ್ಮ 2012ರ ಪೋಕ್ಸೊ ಕಾಯ್ದೆಯೂ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಇದನ್ನೇ ಹೇಳುತ್ತದೆ, ಆದರೆ ಎಷ್ಟು ಸ್ಟಾಫ್ ರೂಮುಗಳಲ್ಲಿ ಅದರ ಮಾತು ಬಂದಿದೆ?

ಕೆನ್ನೆ ಗಿಲ್ಲುವುದು, ತಲೆ ಸವರುವುದು, ಬೆನ್ನು ತಟ್ಟುವುದು ಬಿಡಲು ಎಲ್ಲಕ್ಕಿಂತ ಕಷ್ಟದ ಅಭ್ಯಾಸಗಳು, ಯಾಕೆಂದರೆ ಅವು ಕೈಯಿಂದ ತಾವೇ ಆಗಿಬಿಡುತ್ತವೆ. ಕೈಯಲ್ಲಿ ಪುಸ್ತಕವೋ ಪೆನ್ನೋ ಹಿಡಿದುಕೊಂಡೇ ತರಗತಿಯಲ್ಲಿ ಓಡಾಡುವುದು ಸಣ್ಣ ಉಪಾಯ, ಕೆಲಸ ಮಾಡುತ್ತದೆ.

ಶೇಂಗಾ, ಗಸಗಸೆ, ದೇವರ ಫೋಟೊ

ಊಟದ ಡಬ್ಬಿ ನಮ್ಮ ಮನೆಯ ವಿಷಯ ಎಂದುಕೊಂಡರೆ ಅಲ್ಲೂ ಮೋಸ. ಚಳ್ಳಕೆರೆ ಸೀಮೆಯವರ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಇಲ್ಲದೆ ಇರುತ್ತದೆಯೇ? ಇಂಗ್ಲೆಂಡಿನ ಎಷ್ಟೋ ಶಾಲೆಗಳ ಆವರಣದೊಳಗೆ ಶೇಂಗಾ ತರುವಂತೆಯೇ ಇಲ್ಲ. ತೀವ್ರ ಅಲರ್ಜಿ ಇರುವ ಮಗುವಿಗೆ ಶೇಂಗಾ ತಿಂದ ಕೈಯಿಂದ ಮುಟ್ಟಿದ ಪದಾರ್ಥ ಬಾಯಿಗೆ ಹೋದರೂ ಉಸಿರು ಕಟ್ಟಬಹುದು. ಹಾಗಾಗಿ ಬೆಳಗ್ಗೆ ಮನೆಯಲ್ಲಿ ಚಟ್ನಿಪುಡಿ ತಿಂದರೂ ಕೈಯನ್ನು ಸೋಪಿನಿಂದ ತೊಳೆದೇ ಹೊರಡಬೇಕು. ಸ್ಯಾನಿಟೈಸರ್ ಶೇಂಗಾದ ಅಂಶವನ್ನು ತೆಗೆಯುವುದಿಲ್ಲ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ, ಆದ್ದರಿಂದ ದಾವಣಗೆರೆ ಬೆಣ್ಣೆ ಊರಲ್ಲೇ ಉಳಿಯಬೇಕು. ಯುಎಇಗೆ ಗಸಗಸೆ ನಿಷಿದ್ಧ, ಅದು ಅಲ್ಲಿ ಮಾದಕವಸ್ತುವಿನ ಪಟ್ಟಿಯಲ್ಲಿದೆ. ಅಮ್ಮ ಮಸಾಲೆಪುಡಿಗೆ ಏನೇನು ಹಾಕಿದ್ದಾರೆ ಎಂದು ಕೇಳದೆ ಪ್ಯಾಕ್ ಮಾಡಬಾರದು. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಅಲ್ಲಿ ಪೂರ್ವಾನುಮತಿ ಬೇಕು. ಮಾಲ್ಡೀವ್ಸ್‌ನಲ್ಲಿ ಮದ್ಯ, ಹಂದಿಮಾಂಸದ ಜೊತೆಗೆ ಪೂಜೆಯ ವಿಗ್ರಹಗಳನ್ನು ತರುವುದಕ್ಕೂ ನಿಷೇಧವಿದೆ. ದೇವರ ಫೋಟೊ ಒಯ್ಯುವವರು, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸುವವರು ಹೊರಡುವ ಮೊದಲೇ ಶಾಲೆಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಬೇಕು. ವಿಮಾನ ನಿಲ್ದಾಣ ವಾದ ಮಾಡುವ ಜಾಗವಲ್ಲ.

ಗಲ್ಫ್‌ನ ಸಿಬಿಎಸ್‌ಇ ಶಾಲೆಯೊಳಗೆ ಹೊಂದಿಕೆ ಸುಲಭ. ಅದೇ ಎನ್‌ಸಿಇಆರ್‌ಟಿ ಪುಸ್ತಕ, ಅದೇ ‘ಗುಡ್ ಮಾರ್ನಿಂಗ್ ಸಾರ್’. ಎಚ್ಚರ ಬೇಕಾದ್ದು ಗೇಟಿನ ಹೊರಗೆ. ಊರಲ್ಲಿ ಸಂಜೆ ಮನೆಪಾಠ ಹೇಳುವುದು ಸಹಜ; ಯುಎಇಯಲ್ಲಿ ಪರವಾನಗಿ ಇಲ್ಲದೆ ಹೇಳಿದರೆ ಕಾನೂನು ಉಲ್ಲಂಘನೆ. 2023ರ ಡಿಸೆಂಬರಿನಿಂದ ಖಾಸಗಿ ಪಾಠಕ್ಕೆ ಪ್ರತ್ಯೇಕ ಅನುಮತಿಪತ್ರ ಕೊಡುತ್ತಿದ್ದಾರೆ, ಅದನ್ನು ಪಡೆದೇ ಶುರುಮಾಡಬೇಕು. 2022ರಿಂದ ವಾರದ ರಜೆ ಶನಿವಾರ, ಭಾನುವಾರ, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಗ್ರಾಚ್ಯುಟಿ ಒಂದು ವರ್ಷ ಮುಗಿದ ಮೇಲೆ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಬರೆದ ಕರಾರು ಬಂದರೆ ಈ ಲೆಕ್ಕ ನೆನಪಾಗಬೇಕು.

ಮನಸ್ಸು ಕುಸಿಯುವ ಕಾಲ

ಅಮೆರಿಕಕ್ಕೆ ಹೋಗಿದ್ದ ನಾರ್ವೆಯ ವಿದ್ವಾಂಸರನ್ನು ಮಾತಾಡಿಸಿ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ 1955ರಲ್ಲಿ ಬರೆದ ಪ್ರಕಾರ, ಮೊದಲ ಆರು ತಿಂಗಳು ಉತ್ಸಾಹ, ಆರರಿಂದ ಹದಿನೆಂಟು ತಿಂಗಳ ನಡುವೆ ಕುಸಿತ, ಆಮೇಲೆ ಚೇತರಿಕೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂಬುದನ್ನು ನಂತರದ ಸಂಶೋಧನೆಗಳು ಒಪ್ಪಿಲ್ಲ, ಕೆಲವರಿಗೆ ಇಳಿದ ವಾರವೇ ಎಲ್ಲಕ್ಕಿಂತ ಕಷ್ಟದ್ದು. ಶಿಕ್ಷಕರ ಮಟ್ಟಿಗೆ ಶಾಲೆಯ ಕ್ಯಾಲೆಂಡರ್ ಇದಕ್ಕಿಂತ ಚೆನ್ನಾಗಿ ಭವಿಷ್ಯ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರಿಗೆ ಕೆಲಸ ಶುರುವಾದರೆ ಮೊದಲ ಅವಧಿಯ ಸುಸ್ತು, ದೀಪಾವಳಿಗೆ ಮನೆಯಲ್ಲಿಲ್ಲದ ಬೇಸರ, ಲಂಡನ್ನಿನಲ್ಲಿ ಡಿಸೆಂಬರಿನ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುವ ಸೂರ್ಯ, ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ. ವರ್ಷವಿಡೀ ಬಿಸಿಲು ಕಾಯುವ ಬಯಲುಸೀಮೆಯವರಿಗೆ ಕೊನೆಯದು ಎಣಿಸಿದ್ದಕ್ಕಿಂತ ಭಾರ. ರಾಜೀನಾಮೆಯ ಯೋಚನೆ ಬರುವುದೂ ಆಗಲೇ, ಹಾಗಾಗಿ ಜನವರಿ ಕಳೆಯುವವರೆಗೆ ಅದಕ್ಕೆ ಕೈಹಾಕದಿರುವುದು ಲೇಸು. ಕೆಲಸದ ವೀಸಾ ಆ ಶಾಲೆಗೇ ಕಟ್ಟಿರುತ್ತದೆ ಎಂಬುದೂ ಮರೆಯುವಂಥದ್ದಲ್ಲ.

ಸ್ಲೇಟಿನಿಂದ ಶುರುಮಾಡಬಹುದು

ಇಂಗ್ಲೆಂಡಿನ ತರಗತಿಗಳಲ್ಲಿ ‘ಗೊತ್ತಾಯ್ತಾ?’ ಎಂಬುದರ ಜಾಗದಲ್ಲಿ ಇರುವುದು ಪ್ರತಿ ಮಗುವಿನ ಮುಂದಿನ ಒಂದು ಪುಟ್ಟ ಬಿಳಿ ಹಲಗೆ. ಮೇಷ್ಟ್ರು ಪ್ರಶ್ನೆ ಕೊಡುತ್ತಾರೆ, ಎಲ್ಲರೂ ಬರೆಯುತ್ತಾರೆ, ‘ತೋರಿಸಿ’ ಎಂದಾಗ ಮೂವತ್ತು ಹಲಗೆಯೂ ಒಟ್ಟಿಗೆ ಮೇಲೇಳುತ್ತವೆ. ಯಾರಿಗೆ ಬಂದಿಲ್ಲ ಎಂಬುದು ಐದು ಸೆಕೆಂಡಿನಲ್ಲಿ ಕಾಣುತ್ತದೆ, ಯಾರನ್ನೂ ಎಬ್ಬಿಸಿ ನಿಲ್ಲಿಸಬೇಕಿಲ್ಲ. ನಮ್ಮ ಮಕ್ಕಳು ಎರಡನೇ ಕ್ಲಾಸಿಗೇ ಮೂಲೆಗೆ ಎಸೆಯುವ ಸ್ಲೇಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಹೊರಡುವ ಮೂರು ತಿಂಗಳ ಮೊದಲು ದಾವಣಗೆರೆಯ ತಮ್ಮ ಒಂಬತ್ತನೇ ತರಗತಿಯಲ್ಲೇ ಇದನ್ನು ಮಾಡಿನೋಡಬಹುದು. ನಲವತ್ತು ಎ4 ಬಿಳಿ ಹಾಳೆ ಲ್ಯಾಮಿನೇಟ್ ಮಾಡಿಸಿ, ಅಳಿಸಬಹುದಾದ ಮಾರ್ಕರ್, ಹಳೇ ಬಟ್ಟೆ ತುಂಡು ಕೊಟ್ಟರೆ ಆಯಿತು. ಪ್ರಶ್ನೆ ಕೊಟ್ಟ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಬಾಯಿ ತೆರೆಯಬಾರದು. ನಮ್ಮ ಮೇಷ್ಟ್ರುಗಳಿಗೆ ಇದು ಬಸ್ಕಿಗಿಂತ ಕಠಿಣ. ಮೊದಲ ವಾರ ಮಕ್ಕಳು ಹೂವು, ಬಾಣ, ಕ್ರಿಕೆಟ್ ಆಟಗಾರರ ಹೆಸರು ಬರೆಯುತ್ತಾರೆ, ಪಕ್ಕದವರದನ್ನು ಇಣುಕಿ ನೋಡಿ ನಕಲು ಹೊಡೆಯುತ್ತಾರೆ. ಹಲಗೆಯನ್ನು ಎದೆಗೆ ಒತ್ತಿ ಹಿಡಿದು, ಸಂಜ್ಞೆ ಸಿಕ್ಕ ಮೇಲೆ ಒಟ್ಟಿಗೆ ತಿರುಗಿಸಬೇಕೆಂದು ಅಭ್ಯಾಸ ಮಾಡಿಸಿದರೆ ಎರಡನೇ ವಾರಕ್ಕೆ ನಕಲು ನಿಲ್ಲುತ್ತದೆ. ಫೋನನ್ನು ಕಿಟಕಿಯ ಮೇಲಿಟ್ಟು ಒಂದು ಪೀರಿಯಡ್ಡಿನ ಮಾತನ್ನಷ್ಟೇ ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೇಳುತ್ತ ‘ಗೊತ್ತಾಯ್ತಾ’ ಬಂದಾಗಲೆಲ್ಲ ಒಂದು ಗೀಟು ಎಳೆಯಬೇಕು. ಗೀಟುಗಳ ಸಂಖ್ಯೆ ಮೊದಲ ಸಲ ಯಾರಿಗೂ ಇಷ್ಟವಾಗುವುದಿಲ್ಲ.